ಕೆಂಪು ಕಿಂಡಿಯ ಕ್ಯಾಮೆರಾ

"ಆಯಿ, ಮಂದಿ ನಮ್ಮ ಬಗ್ಗೆ ಇಲ್ಲದ್ದು ಹುಟ್ಟಿಸಿ ಆಡಿಕೊಂಡ್ರ, ಎದುರು ಮಾತಾಡಬೇಕೋ, ಸುಮ್ಮನಿರಬೇಕೋ?"

ಮಹಾನಂದಾ ಇದನ್ನು ಕೇಳಿದಾಗ ಅವಳ ಮಡಿಲಲ್ಲಿ ಒಂದು ಬಿಚ್ಚಿದ ಕ್ಯಾಮೆರಾ ಇತ್ತು. ಅವಳು ನನ್ನ ಹತ್ತಿರ ಹಳೆಯ ಮಡಿಸುವ ಕ್ಯಾಮೆರಾಗಳ ರಿಪೇರಿ ಕಲಿಯಲು ಬರುವವಳು. ಮೂವತ್ತು ದಾಟಿದೆ, ಎರಡು ಮಕ್ಕಳ ತಾಯಿ. ಹಿಂದಿನ ವಾರ ಗರಡಿಮನೆಗೆ ಹೋಗಿ ಪೈಲ್ವಾನರ ಫೋಟೋ ತೆಗೆದು ಬಂದಿದ್ದಳು. ಪೈಲ್ವಾನರು ಲಂಗೋಟಿಯಲ್ಲಿದ್ದರು. ಕುಸ್ತಿ ಹಿಡಿಯುವವರು ಮತ್ತೇನು ಕೋಟು ತೊಟ್ಟಿರುತ್ತಾರೆಯೇ? ಆದರೂ ಓಣಿಗೆ ಅಷ್ಟು ಸಾಕಾಯಿತು.

ನಾನು ಎದ್ದು ಬೀದಿ ಬಾಗಿಲು ಮುಚ್ಚಿ ಬಂದೆ. ದನಿ ಇಳಿಸಿದೆ.

"ಹತ್ರ ಬಾ. ಈಗ ಹೇಳೋದು ಈ ನಾಕು ಗ್ವಾಡಿ ದಾಟಬಾರದು. ದಾಟಿದ್ರ ಯಾರು ದಾಟಿಸಿದ್ರು ಅಂತ ನನಗ ಗೊತ್ತಾಗತೈತಿ. ಈ ಓಣಿಯಾಗ ದಾಟಿಸೋ ಕೆಲಸ ಇಷ್ಟು ವರ್ಷ ನನ್ನದ. ಆಣಿ ಮಾಡು."

"ಯಾರ ಮ್ಯಾಲೆ, ಆಯಿ?"

"ನಿಮ್ಮತ್ತಿ ಮ್ಯಾಲೆ ಬ್ಯಾಡ. ಆಕಿಗೆ ಏನರ ಆದ್ರ ನಿನಗ ಚೊಲೋನ ಆಗತೈತಿ. ಈ ಕ್ಯಾಮೆರಾ ಮುಟ್ಟಿ ಮಾಡು."

ಗೋಡೆಯ ಗೂಡಿನಿಂದ ನನ್ನ ಕ್ಯಾಮೆರಾ ತೆಗೆದು, ಬಿಚ್ಚಿ ಮುಂದಿಟ್ಟೆ. ಅವಳು ಮುಟ್ಟಿದಳು. ನನ್ನ ಕ್ಯಾಮೆರಾ ಎಂದೆ, ಅದು ನಾನು ಕೊಂಡದ್ದಲ್ಲ. ನನ್ನ ಕೈಗೆ ಬಂದದ್ದು. ಹೇಗೆ ಬಂತು ಎಂಬುದೇ ಕತೆ.

ಒಂದು ಓಣಿಯಲ್ಲಿ ಒಬ್ಬ ದರ್ಜಿ ಹೆಂಗಸು ಇದ್ದಳು. ಗಂಡನನ್ನು ಬಿಟ್ಟು ಬಂದವಳು. ಗಂಡ ಬಿಟ್ಟವಳಲ್ಲ, ಗಂಡನನ್ನು ತಾನೇ ಬಿಟ್ಟವಳು. ಓಣಿಯಲ್ಲಿ ಈ ಎರಡಕ್ಕೂ ಬಹಳ ವ್ಯತ್ಯಾಸವಿದೆ. ಗಂಡ ಬಿಟ್ಟವಳನ್ನು ಕಂಡರೆ ಅಯ್ಯೋ ಅನ್ನುತ್ತಾರೆ. ಗಂಡನನ್ನು ಬಿಟ್ಟವಳನ್ನು ಕಂಡರೆ ಓಹೋ ಅನ್ನುತ್ತಾರೆ. ಅವಳು ಬಂದ ದಿನದಿಂದ ಅವಳ ಬೆನ್ನ ಹಿಂದೆ ಒಂದಲ್ಲ ಒಂದು ಓಹೋ ಇದ್ದೇ ಇತ್ತು.

ಅವಳದು ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ. ಆರು ಹುಡುಗಿಯರು ಹೊಲಿಗೆ ಕಲಿಯಲು ಬರುತ್ತಿದ್ದರು. ಆ ಕೋಣೆಯೇ ಅವಳ ಅನ್ನ.

ಅವಳ ಗೋಡೆಗೆ ಗೋಡೆ ತಾಗಿ ಒಬ್ಬ ನೆರೆಯವಳು. ನೆರೆಯವಳ ಕೆಲಸ ಜಗಲಿಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುವುದು. ಒಂದು ಸೇರು ಜೋಳದಲ್ಲಿ ನಾಲ್ಕು ಕಲ್ಲು ಇರುತ್ತಿದ್ದವು. ಆ ನಾಲ್ಕು ಕಲ್ಲು ಆರಿಸಲು ಅವಳಿಗೆ ಬೆಳಗಿನಿಂದ ಮಧ್ಯಾಹ್ನ ಆಗುತ್ತಿತ್ತು. ಕಣ್ಣು ಮೊರದ ಮೇಲೆ ಇರಲಿಲ್ಲ.

ಒಂದು ದಿನ ಗುಜರಿಯವನು ಬಂದ. ಅವನ ಬುಟ್ಟಿಯಲ್ಲಿ ಒಂದು ಕಪ್ಪು ಡಬ್ಬಿ ಇತ್ತು. ದರ್ಜಿಯವಳು ಸೋರುವ ತಂಬಿಗೆಯೊಂದನ್ನು ಕೊಟ್ಟು ಆ ಡಬ್ಬಿ ತೆಗೆದುಕೊಂಡಳು. ಗುಂಡಿ ಒತ್ತಿದಳು. ಮುಂದಿನ ಮುಚ್ಚಳ ಬಿದ್ದು, ಹಾರ್ಮೋನಿಯಂ ತಿದಿಯಂಥ ಚರ್ಮದ ಮಡಿಕೆ ಹೊರಗೆ ಬಂತು. ಅದರ ತುದಿಯಲ್ಲಿ ಗಾಜಿನ ಕಣ್ಣು. ಮಡಿಸಿದರೆ ಪಂಚಾಂಗದಷ್ಟು, ಬಿಚ್ಚಿದರೆ ಕ್ಯಾಮೆರಾ.

ಕ್ಯಾಮೆರಾ ಸತ್ತಿತ್ತು. ಕಣ್ಣಿಗೆ ಬೂಷ್ಟು ಹಿಡಿದಿತ್ತು. ತಿದಿಯ ಮೂಲೆಗಳು ಸೀಳಿದ್ದವು. ಶಟರು ಬಡಿಯುತ್ತಿರಲಿಲ್ಲ. ಕಲಿತವರು ಶಟರು ಎನ್ನುತ್ತಾರೆ. ನಾನು ಮೂರನೇ ಇಯತ್ತೆಯಲ್ಲಿ ಪಾಟಿ ಒಡೆದುಕೊಂಡು ಶಾಲೆ ಬಿಟ್ಟು ಮನೆಗೆ ಬಂದವಳು, ನನಗೆ ಅದು ಕಣ್ಣಿನ ರೆಪ್ಪೆ. ರೆಪ್ಪೆ ತೆರೆದು ಮುಚ್ಚಿದರೆ ಚಿತ್ರ, ಇಲ್ಲದಿದ್ದರೆ ಬರೀ ಡಬ್ಬಿ.

ದರ್ಜಿಯವಳು ತನಗೆ ಗೊತ್ತಿದ್ದ ಔಷಧ ಮಾಡಿದಳು. ಹೊಲಿಗೆ ಯಂತ್ರ ಬಿಗಿಯಾದರೆ ಏನು ಮಾಡುತ್ತಾರೆ? ಎಣ್ಣೆ ಬಿಡುತ್ತಾರೆ. ಅವಳೂ ರೆಪ್ಪೆಗೆ ಮೂರು ಹನಿ ಎಣ್ಣೆ ಬಿಟ್ಟಳು. ಇದ್ದಷ್ಟು ಜೀವವೂ ಹೋಯಿತು. ರೆಪ್ಪೆಯ ತೆಳು ತಗಡುಗಳು ಒಂದಕ್ಕೊಂದು ಅಂಟಿ ಕೂತವು.

ಅವಳು ಅದನ್ನು ಒಬ್ಬ ಗಡಿಯಾರ ರಿಪೇರಿಯವನ ಅಂಗಡಿಗೆ ಒಯ್ದಳು. ಅವನ ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿತ್ತು. ಮೀಸೆ ಇನ್ನೂ ಕಪ್ಪಾಗಿತ್ತು. ಕಪ್ಪು ಮೀಸೆ ಎಂದರೆ ಓಣಿಗೆ ಅರ್ಧ ಸಾಕ್ಷಿ.

ಅವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದ. "ಎಣ್ಣಿ ಬಿಟ್ಟೀರೇನ್ರಿ? ನಿಮ್ಮ ಮಷೀನಿಗೆ ಎಣ್ಣಿ ಅನ್ನ. ಇದಕ್ಕ ವಿಷ. ಇದು ಒಣಗಿದ್ರನ ಬಡೀತೈತಿ."

ಅವನು ರೆಪ್ಪೆಯನ್ನು ಪೆಟ್ರೋಲಿನಲ್ಲಿ ತೊಳೆದ. ಒಂದೆರಡು ದಿನಕ್ಕೆ ಸಂದಿಯಿಂದ ಮತ್ತೆ ಎಣ್ಣೆ ಒಸರಿತು. ಮತ್ತೆ ತೊಳೆದ. ಮತ್ತೆ ಒಸರಿತು. ಹೀಗೆ ಹದಿನೈದು ದಿನ ನಡೆಯಿತು. ಹದಿನೈದು ದಿನವೂ ದರ್ಜಿಯವಳು ಅವನ ಅಂಗಡಿಯ ಮೆಟ್ಟಿಲು ಹತ್ತಿದಳು. ನೆರೆಯವಳು ಮೊರದ ಕಲ್ಲು ಬಿಟ್ಟು ಅದನ್ನು ಎಣಿಸಿದಳು.

ರೆಪ್ಪೆ ಬಡಿಯತೊಡಗಿತು, ಕಣ್ಣಿನ ಬೂಷ್ಟೂ ಹೋಯಿತು. ಇನ್ನು ಉಳಿದದ್ದು ತಿದಿ. ತಿದಿಗೆ ಸೂಜಿಮೊನೆಯಷ್ಟು ತೂತಿದ್ದರೂ ಬೆಳಕು ಒಳಗೆ ನುಗ್ಗಿ ಫಿಲಂ ಸುಟ್ಟುಬಿಡುತ್ತದೆ. ಆ ತೂತುಗಳು ಬಯಲಿನಲ್ಲಿ ಕಾಣುವುದಿಲ್ಲ. ಕತ್ತಲೆ ಮಾಡಿಕೊಂಡು ತಿದಿಯ ಒಳಗೆ ಬ್ಯಾಟರಿ ಹಚ್ಚಿದರೆ ಚುಕ್ಕೆ ಚುಕ್ಕೆಯಾಗಿ ಹೊಳೆಯುತ್ತವೆ. ಒಬ್ಬರು ಬ್ಯಾಟರಿ ಹಿಡಿಯಬೇಕು, ಇನ್ನೊಬ್ಬರು ಸೀಮೆಸುಣ್ಣದಿಂದ ಗುರುತು ಹಾಕಬೇಕು. ಅವಳ ಮನೆಯಲ್ಲಿ ಕತ್ತಲೆ ಕೋಣೆ ಇರಲಿಲ್ಲ. ಹೊದೆಯುವ ಕೌದಿ ಇತ್ತು. ಗಡಿಯಾರದವನು ಬ್ಯಾಟರಿ ತಂದ.

ಅದೇ ಹೊತ್ತಿಗೆ ನೆರೆಯವಳು ಸಾಸಿವೆ ಕೇಳಲು ಬಂದಳು. ಅವಳ ಮನೆಯಲ್ಲಿ ಸಾಸಿವೆ ಇತ್ತು. ಆದರೂ ಬಂದಳು. ಬಾಗಿಲು ಬಡಿಯುವ ಮೊದಲು ಕಿಟಕಿಯಲ್ಲಿ ಇಣುಕಿದಳು. ಹಾಡಹಗಲು. ನೆಲದ ಮೇಲೆ ಒಂದು ಕೌದಿ. ಕೌದಿಯ ಕೆಳಗಿನಿಂದ ಹೊರಗೆ ಬಂದ ನಾಲ್ಕು ಪಾದ. ಒಳಗಿನಿಂದ ದನಿ.

"ಇಲ್ಲೊಂದು ಐತ್ರಿ."

"ಇಲ್ಲೂ ಐತಿ. ಸ್ವಲ್ಪ ಹಿಂಗ ಹೊಳ್ಳಸ್ರಿ."

ಮಹಾನಂದಾ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ನಾನು ಅವಳ ಮೊಣಕಾಲಿಗೆ ಒಂದು ಕೊಟ್ಟೆ.

"ನಗಬ್ಯಾಡ. ನಾಕು ಪಾದ. ನೀ ಆಗಿದ್ರ ಏನ್ ತಿಳೀತಿದ್ದಿ?"

"ಕ್ಯಾಮೆರಾ ರಿಪೇರಿ ಅಂತೂ ತಿಳೀತಿರಲಿಲ್ಲ ಬಿಡು, ಆಯಿ."

ನೆರೆಯವಳು ಸಾಸಿವೆ ಕೇಳದೆ ಮರಳಿದಳು. ಆ ದಿನ ಓಣಿಯ ಹದಿನೆಂಟು ಮನೆಗಳಲ್ಲಿ ಅದೇ ಒಗ್ಗರಣೆ ಸಿಡಿಯಿತು.

ದರ್ಜಿಯವಳಿಗೆ ಮಾತು ಕಿವಿಗೆ ಬಿತ್ತು. ಅವಳು ತಲೆ ಎತ್ತಲಿಲ್ಲ, ತಿದಿಗೆ ತೇಪೆ ಹಾಕುತ್ತಿದ್ದಳು. ಮೊದಲು ಕುಪ್ಪಸದ ಒಳಬಟ್ಟೆ ಹಚ್ಚಿದಳು. ದಪ್ಪವಾಯಿತು, ಮುಚ್ಚಳ ಕೂಡಲಿಲ್ಲ. ಕಿತ್ತಳು. ಹಳೆಯ ಕೊಡೆಯ ಕಪ್ಪು ಬಟ್ಟೆಯನ್ನು ಉಗುರಿನಷ್ಟು ಕತ್ತರಿಸಿ, ಅಂಟು ತೆಳ್ಳಗೆ ಸವರಿ, ಮೂವತ್ತೊಂದು ತೂತಿಗೂ ಹಚ್ಚಿದಳು. ಅದು ಕೂಡಿತು. ತೇಪೆ ಮಡಿಕೆಯ ಜೊತೆ ಮಡಿಯಬೇಕು, ಮಹಾನಂದಾ. ತಾನೇ ಎದ್ದು ಕಾಣುವ ತೇಪೆ ಕ್ಯಾಮೆರಾಕ್ಕೆ ಆಗುವುದಿಲ್ಲ.

ಅವಳು ಬಸ್ಸಿನವನ ಕೈಯಲ್ಲಿ ದೊಡ್ಡ ಊರಿನ ಸ್ಟುಡಿಯೋದಿಂದ ಒಂದು ರೋಲು ತರಿಸಿದಳು. ಎಂಟು ಚಿತ್ರದ ರೋಲು. ಈ ಕ್ಯಾಮೆರಾದ ಬೆನ್ನಿಗೆ ಒಂದು ಕೆಂಪು ಗಾಜಿನ ಕಿಂಡಿ ಇರುತ್ತದೆ. ಕೀಲಿ ತಿರುಗಿಸಿದರೆ ಕಿಂಡಿಯಲ್ಲಿ ಒಂದು, ಎರಡು, ಮೂರು ಎಂದು ಅಂಕಿ ಬರುತ್ತದೆ. ಒಂದು ಚಿತ್ರ ತೆಗೆದ ಕೂಡಲೇ ಕೀಲಿ ತಿರುಗಿಸಿ ಮುಂದಿನ ಅಂಕಿ ತರಬೇಕು. ನೆನಪಿಸುವುದಕ್ಕೆ ಕ್ಯಾಮೆರಾಕ್ಕೆ ಬಾಯಿಲ್ಲ.

ಯಾರ ಚಿತ್ರ ತೆಗೆಯುವುದು? ಓಣಿಯಲ್ಲಿ ಒಬ್ಬರೂ ಮುಖ ಕೊಡಲಿಲ್ಲ. ಅವಳು ಬಾವಿಯ ಚಿತ್ರ ತೆಗೆದಳು. ಬೆಕ್ಕಿನ ಚಿತ್ರ ತೆಗೆದಳು. ತುಳಸಿಕಟ್ಟೆಯ ಚಿತ್ರ ತೆಗೆದಳು. ಆಮೇಲೆ ನೆರೆಯವಳನ್ನು ಕೇಳಿದಳು. ನೆರೆಯವಳು ಅವಳನ್ನು ಓಣಿಯಲ್ಲೆಲ್ಲ ಆಡಿಕೊಳ್ಳುತ್ತಿದ್ದಳು, ಎದುರಿಗೆ ಮಾತ್ರ ಬೆಣ್ಣೆ.

"ಮಾರಿ ತಗೀಬ್ಯಾಡವ್ವಾ. ಫೋಟೋ ತಗದ್ರ ಆಯುಷ್ಯ ಕಮ್ಮಿ ಆಗತೈತಿ. ಬೇಕಾದ್ರ ಬೆನ್ನು ತಗೋ. ಯಮ ಬೆನ್ನು ನೋಡಿ ಗುರ್ತು ಹಿಡಿಯಂಗಿಲ್ಲ."

ನೆರೆಯವಳು ಮೊರ ಹಿಡಿದು ಬಾಗಿಲ ಕಡೆ ತಿರುಗಿ ಕೂತಳು. ರೆಪ್ಪೆ ಬಡಿಯಿತು. ಬಡಿದ ಕೂಡಲೇ ನೆರೆಯವಳು ಅವಳ ಕೈ ಹಿಡಿದು ಕೂರಿಸಿಕೊಂಡು, ಮೇಲಿನ ಮನೆಯ ಸೊಸೆಯ ಸುದ್ದಿ ತೆಗೆದು, ಅರ್ಧ ತಾಸು ಬಿಡಲಿಲ್ಲ. ದರ್ಜಿಯವಳು ತಪ್ಪಿಸಿಕೊಂಡು ಗಡಿಯಾರದವನ ಅಂಗಡಿಗೆ ಹೋದಳು. ಅವನು ಅಂಗಡಿಯ ಮುಂದಿನ ಬೆಂಚಿನ ತುದಿಯಲ್ಲಿ ಕೂತು, ಎಡಗೈ ಚಾಚಿ ಒಂದು ಗೋಡೆ ಗಡಿಯಾರ ಎತ್ತಿ ಹಿಡಿದ. ಅದೂ ಒಂದು ಚಿತ್ರವಾಯಿತು. ಉಳಿದವನ್ನು ಎಮ್ಮೆ, ಗುಡಿ, ಮರ ಎಂದು ತೆಗೆದು ಮುಗಿಸಿದಳು. ರೋಲು ಬಸ್ಸು ಹತ್ತಿತು.

ಇಪ್ಪತ್ತು ದಿನವಾದ ಮೇಲೆ ಲಕೋಟೆ ಬಂತು. ದರ್ಜಿಯವಳು ಸಂತೆಗೆ ಹೋಗಿದ್ದಳು. ಬಸ್ಸಿನವನು ಲಕೋಟೆಯನ್ನು ನೆರೆಯವಳ ಕೈಗೆ ಕೊಟ್ಟ. ನಂಬಿ ಕೊಟ್ಟ. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಹಬೆಗೆ ಹಿಡಿದರೆ ಅಂಟು ತಾನೇ ಬಿಡುತ್ತದೆ. ಅದಕ್ಕೆ ನೆರೆಯವಳೇನು ಮಾಡಿಯಾಳು?

ನಾಲ್ಕನೆಯ ಫೋಟೋ ನೋಡಿ ಅವಳು ಅನ್ನ ಬಸಿಯುವುದನ್ನು ಮರೆತಳು. ಬೆಂಚಿನ ಮೇಲೆ ಗಡಿಯಾರದವನು ನಗುತ್ತ ಕೂತಿದ್ದಾನೆ. ಅವನಿಗೆ ತಾಗಿ ಒಬ್ಬ ಹೆಂಗಸು. ಬೆನ್ನು ಈ ಕಡೆ, ತಲೆಯ ಮೇಲೆ ಸೆರಗು, ಇಳಕಲ್ ಸೀರೆ. ಅವನ ಎಡಗೈ ಅವಳ ಹೆಗಲ ಮೇಲೆ.

ಮೊದಲು ಕೌದಿ, ಈಗ ಇದು. ಯಾರ ಬೆನ್ನು ಎಂದು ಯಾರಾದರೂ ಕೇಳಬೇಕೇ? ಸೀದುಹೋದ ಅನ್ನವನ್ನು ಎಮ್ಮೆಗೆ ಸುರಿದು ನೆರೆಯವಳು ಹೊರಟಳು. ಹದಿನೆಂಟು ಮನೆ. ಪ್ರತಿ ಮನೆಯಲ್ಲೂ ಆಣೆ ಹಾಕಿಸಿಕೊಂಡು, ಯಾರಿಗೂ ಹೇಳಬೇಡ ಎಂದು, ಸೆರಗಿನಿಂದ ಫೋಟೋ ತೆಗೆದು ತೋರಿಸಿದಳು. ಸಂಜೆಯ ಮೊದಲು ಲಕೋಟೆ ಮತ್ತೆ ಅಂಟಿಸಿಕೊಂಡು ದರ್ಜಿಯವಳ ಕೈ ಸೇರಿತು.

ಮರುದಿನ ಹೊಲಿಗೆಗೆ ಇಬ್ಬರು ಹುಡುಗಿಯರು ಬರಲಿಲ್ಲ. ಅದರ ಮರುದಿನ ಒಬ್ಬಳೂ ಬರಲಿಲ್ಲ. ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ಜನ ಅರ್ಧಕ್ಕೇ ಮರಳಿ ಒಯ್ದರು. ಒಬ್ಬಳಂತೂ ಒಂದೇ ತೋಳಿನ ಕುಪ್ಪಸ ಒಯ್ದಳು.

ಓಣಿಯ ಹಿರಿಯರು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಸಾಲಾಗಿ ಕೂತು ದರ್ಜಿಯವಳನ್ನು ಕರೆಸಿದರು. ಮನೆಯ ಮಾಲೀಕನೂ ಅಲ್ಲಿದ್ದ. ಅವಳು ಫೋಟೋ ತಂದು ಅವರ ಮುಂದೆ ಇಟ್ಟಳು. ಕೊರಳಲ್ಲಿ ಹೊಸ ರೋಲು ಹಾಕಿದ ಕ್ಯಾಮೆರಾ ಇತ್ತು.

"ಈ ಹೆಂಗಸು ಯಾರು?"

"ಫೋಟೋ ನಿಮ್ಮ ಮುಂದ ಐತಿ, ಕಣ್ಣು ನಿಮ್ಮ ಮಾರಿ ಮ್ಯಾಲೆ ಅದಾವ. ನೋಡಿ ನೀವ ಹೇಳ್ರಿ."

"ನಾ ಅಲ್ಲ ಅಂತ ಒಂದ್ ಮಾತು ಹೇಳು. ಮುಗಿಸಿಬಿಡೋಣು."

"ನಾ ಏನೂ ಹೇಳಂಗಿಲ್ಲರೀ. ಇಷ್ಟು ಮಂದಿ ಹಿರ್ಯಾರು ಒಂದ ಸಾಲಿನಾಗ ಮತ್ತ ಸಿಗಂಗಿಲ್ಲ. ಅಲುಗಾಡಬ್ಯಾಡ್ರಿ."

ಅವಳು ಗುಂಡಿ ಒತ್ತಿದಳು. ತಿದಿ ಹೊರಗೆ ಬಂತು. ರೆಪ್ಪೆ ಬಡಿಯಿತು. ಹಿರಿಯರಿಗೆಲ್ಲ ಸಿಟ್ಟು ಬಂತು. ಆ ಸಿಟ್ಟಿನಲ್ಲೂ ಒಬ್ಬ ಹಿರಿಯ ರುಮಾಲು ನೆಟ್ಟಗೆ ಮಾಡಿಕೊಂಡಿದ್ದ.

ಮನೆಯ ಮಾಲೀಕ ಎದ್ದು ನಿಂತ. ಅಮಾವಾಸ್ಯೆಯೊಳಗೆ ಮನೆ ಖಾಲಿ ಮಾಡು ಎಂದ. ಅಮಾವಾಸ್ಯೆಗೆ ಹನ್ನೆರಡು ದಿನ ಇತ್ತು. ಆ ಕೋಣೆ ಹೋದರೆ ಯಂತ್ರ ಇಡಲು ಅವಳಿಗೆ ಬೇರೆ ಜಾಗವಿರಲಿಲ್ಲ. ಇಂಥವಳಿಗೆ ಆ ಊರಿನಲ್ಲಿ ಯಾರೂ ಬಾಡಿಗೆಗೆ ಕೊಡುವವರೂ ಇರಲಿಲ್ಲ.

ಅವಳು ಏನು ಮಾಡಿದಳು? ಗಂಟು ಕಟ್ಟಲಿಲ್ಲ. ಸುಣ್ಣ ತಂದಳು. ಖಾಲಿ ಮಾಡು ಎಂದವನ ಮನೆಗೆ ಮುಂಗೋಡೆ, ಹಿಂಗೋಡೆ ಎರಡಕ್ಕೂ ಸುಣ್ಣ ಬಳಿದಳು. ಬಾಗಿಲಿಗೆ ಎಣ್ಣೆ ಹಚ್ಚಿದಳು. ಆಮೇಲೆ ಆ ನಾಲ್ಕನೆಯ ಫೋಟೋಕ್ಕೆ ಗಾಜು ಕಟ್ಟಿಸಿ, ಓಣಿಯಲ್ಲಿ ಹೋಗಿಬರುವವರಿಗೆಲ್ಲ ಕಾಣುವಂತೆ ಕಿಟಕಿಯಲ್ಲಿ ತೂಗು ಹಾಕಿದಳು. ಮಲ್ಲಿಗೆ ಮಾಲೆಯೊಂದು ಮಾತ್ರ ಬಾಕಿ.

ಗಡಿಯಾರದವನು ಬೀದಿಯಲ್ಲೇ ನಿಂತು ಕೈ ಮುಗಿದ. ಒಳಗೆ ಬರುವ ಧೈರ್ಯ ಅವನಿಗೆ ಉಳಿದಿರಲಿಲ್ಲ.

"ಇದ್ದದ್ದು ಹೇಳಿಬಿಡ್ರಿ. ನಿಮಗ ಆಗದಿದ್ರ ನಾ ಹೇಳ್ತೀನಿ."

"ಹೇಳಿದ್ರ ಮಂದಿ ಬಾಯಿ ಮುಚ್ಚಂಗಿಲ್ಲ. ಬಾಯಾಗಿನ ಹೆಸರು ಬದಲಾಗತೈತಿ, ಅಷ್ಟ. ನೀವು ಅಂಗಡಿಗೆ ನಡೀರಿ."

ಅವನು ನಡೆದ.

ಈಗ ನೆರೆಯವಳ ಸಂಕಟ ಕೇಳು. ಮುಚ್ಚಿಟ್ಟದ್ದನ್ನು ತೋರಿಸುವುದರಲ್ಲಿ ರುಚಿ ಇದೆ. ಕಿಟಕಿಯಲ್ಲಿ ತೂಗುತ್ತಿರುವುದನ್ನು ಯಾರಿಗೆ ತೋರಿಸುವುದು? ಅವಳು ಯಾರ ಮನೆಗೆ ಹೋದರೂ ಹೆಂಗಸರು, ನೋಡೀವಿ ಬಿಡು, ದಿನಾ ನೋಡ್ತೀವಿ, ಎನ್ನತೊಡಗಿದರು. ಒಬ್ಬಳು ಆಕಳಿಸಿದಳು. ನೆರೆಯವಳ ಆಯುಷ್ಯದಲ್ಲಿ ಅವಳ ಎದುರು ಯಾರೂ ಆಕಳಿಸಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ, ಬಿಸಿಲು ಏರಿದಾಗ, ಅವಳು ದರ್ಜಿಯವಳ ಮನೆಗೆ ನುಗ್ಗಿದಳು.

"ನಾಚಿಗಿ ಅನ್ನೋದು ಐತೇನ ನಿನಗ? ಆ ಚಿತ್ರ ಇಳಿಸಿ ಒಲಿಗೆ ಹಾಕು. ಬಸುರಿ ಹೆಣ್ಣುಮಕ್ಕಳು ಅಡ್ಡಾಡೋ ಓಣಿ ಇದು."

ದರ್ಜಿಯವಳು ಚಿತ್ರ ಇಳಿಸಿದಳು. ಗಾಜು ಬಿಚ್ಚಿದಳು. ಫೋಟೋವನ್ನು ನೆರೆಯವಳ ಕೈಗೆ ಕೊಟ್ಟಳು. ಕ್ಯಾಮೆರಾದ ಕೆಲಸಕ್ಕೆಂದು ಗಡಿಯಾರದವನು ಕೊಟ್ಟಿದ್ದ ಭೂತಗನ್ನಡಿಯನ್ನೂ ಕೊಟ್ಟಳು.

"ಹೆಗಲಿನ ಕೆಳಗ ನೋಡು."

ನೆರೆಯವಳು ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಗಾಜು ಹಿಡಿದು ನೋಡಿದಳು. ಸೆರಗಿನ ಮೇಲೆ, ಬೆನ್ನಿನ ನಡುವೆ, ಒಂದು ತೇಪೆ. ನಾಲ್ಕು ಮೂಲೆಯ ತೇಪೆ, ಆದರೆ ಸೊಟ್ಟಗೆ ಕೂತಿತ್ತು.

ಆ ತೇಪೆಯ ಕತೆ ಆ ಓಣಿಯಲ್ಲಿ ಇಬ್ಬರಿಗೇ ಗೊತ್ತಿತ್ತು. ಹಿಂದಿನ ದೀಪಾವಳಿಯಲ್ಲಿ ನೆರೆಯವಳ ಸೆರಗಿಗೆ ಹಣತೆ ತಾಗಿ ಬೆನ್ನಿನ ಮೇಲೆ ಸುಟ್ಟಿತ್ತು. ಅವಳು ಓಡಿಬಂದು, ಆರತಿಗೆ ಹೊತ್ತಾಯಿತು, ಬೇಗ ಹಾಕು ಎಂದು ದರ್ಜಿಯವಳ ತಲೆಯ ಮೇಲೆ ಕೂತಿದ್ದಳು. ಸೊಟ್ಟ ಆಗತೈತಿ ಎಂದು ದರ್ಜಿಯವಳು ಹೇಳಿದಾಗ ನೆರೆಯವಳು ಅಂದಿದ್ದಳು: "ಆದ್ರ ಆಗಲಿ ಬಿಡು. ನನ್ನ ಬೆನ್ನು ನನಗೇನು ಕಾಣತೈತಿ?"

ತಿಳಿಯಿತೇ, ಮಹಾನಂದಾ? ಬೆನ್ನಿನ ಚಿತ್ರ ತೆಗೆದ ಮೇಲೆ ಕೀಲಿ ತಿರುಗಿಸುವುದು ಉಳಿದುಹೋಗಿತ್ತು. ತಿರುಗಿಸಲು ಬಿಡದೆ ಮಾತಿಗೆ ಎಳೆದವಳು ನೆರೆಯವಳೇ. ಕೆಂಪು ಕಿಂಡಿಯಲ್ಲಿ ನಾಲ್ಕೇ ಇತ್ತು. ಅದೇ ನಾಲ್ಕರ ಮೇಲೆ ಗಡಿಯಾರದವನೂ ಬಂದು ಕೂತ. ಅವನ ಪಕ್ಕದಲ್ಲಿ ಅಂಗಡಿಯ ಕತ್ತಲೆ ಇತ್ತು. ಫಿಲಮಿನಲ್ಲಿ ಕತ್ತಲೆ ಎಂದರೆ ಖಾಲಿ ಜಾಗ, ಮೊದಲೇ ಬಿದ್ದ ಬೆಳಕು ಅಲ್ಲಿ ಹಾಗೇ ಉಳಿಯುತ್ತದೆ. ಅವನು ಎತ್ತಿ ಹಿಡಿದಿದ್ದ ಗಡಿಯಾರ ಸೀರೆಯ ಬೆಳಕಿನಲ್ಲಿ ಕರಗಿತು. ಬರೀ ಕೈ ಉಳಿಯಿತು, ಹೆಗಲ ಮೇಲೆ.

ನೆರೆಯವಳು ಇಪ್ಪತ್ತು ದಿನದಲ್ಲಿ ತನ್ನ ಬೆನ್ನು ಮರೆತಿದ್ದಳು. ಹದಿನೆಂಟು ಮನೆಗೆ ತನ್ನ ಬೆನ್ನನ್ನೇ ಹೊತ್ತು ತೋರಿಸಿ ಬಂದಿದ್ದಳು.

ಮರುದಿನ ಅಮಾವಾಸ್ಯೆ. ನೆರೆಯವಳು ಬೆಳಿಗ್ಗೆ ಎದ್ದು ಅದೇ ಸೀರೆ ಉಟ್ಟಳು. ಫೋಟೋ ಕೈಯಲ್ಲಿ ಹಿಡಿದಳು, ಸೆರಗಿನಲ್ಲಿ ಮುಚ್ಚಲಿಲ್ಲ. ಅದೇ ಹದಿನೆಂಟು ಮನೆಗೆ ಹೋದಳು. ಈ ಸಲ ಯಾರಿಂದಲೂ ಆಣೆ ಹಾಕಿಸಿಕೊಳ್ಳಲಿಲ್ಲ.

"ಇದು ಆಕಿ ಅಲ್ಲ, ನಾನು. ಬೆನ್ನು ನನ್ನದು, ತೇಪಿ ನನ್ನದು. ಕಣ್ಣಿದ್ರ ನೋಡ್ರಿ."

ಪ್ರತಿ ಹೊಸ್ತಿಲಲ್ಲೂ ತಿರುಗಿ ನಿಂತು ಬೆನ್ನು ತೋರಿಸಿದಳು. ಕೆಲವರು ಫೋಟೋ ನೋಡಿ, ಬೆನ್ನು ನೋಡಿ, ಒಳಗೆ ನಡೆದರು. ಒಬ್ಬಳು ಬಿಡಲಿಲ್ಲ.

"ಈ ವಯಸ್ಸಿನಾಗ ನಿನಗೂ ಆ ಗಡಿಯಾರದಂವ ಬೇಕಾದ್ನೇನ?"

"ಬೇಕಾದ್ರ ನಿಮ್ಮ ಮನಿಗೂ ಕಳಸ್ತೀನಿ ತಗೋ. ನಿಮ್ಮ ಯಜಮಾನರ ಗಡಿಯಾರ ನಿಂತು ಹತ್ತು ವರ್ಷ ಆತಂತಲ್ಲ, ನೀನ ಹೇಳಿದ್ದಿ."

ಬಾಗಿಲು ಮುಚ್ಚಿತು. ಹಾಗೆ ಮುಚ್ಚಿದ ಬಾಗಿಲು ಅದೊಂದೇ ಅಲ್ಲ. ಕೊನೆಗೆ ಅವಳು ಮನೆಯ ಮಾಲೀಕನ ಅಂಗಳದಲ್ಲಿ ನಿಂತಳು. "ಯಾರನ್ನ ಓಣಿ ಬಿಡಸ್ತಿ? ಬಿಡಸೂದಿದ್ರ ನನ್ನನ್ನ ಬಿಡಸು. ನನ್ನದು ಸ್ವಂತ ಮನಿ, ಬಿಡಸಾಕ ಆಗತೈತೇನ ನೋಡು."

ದರ್ಜಿಯವಳ ಮನೆ ಉಳಿಯಿತು. ಸುಣ್ಣ ಹೊಡೆದ ಮನೆ ಎಂದು ಮಾಲೀಕ ಸಮಾಧಾನ ಮಾಡಿಕೊಂಡ. ಆರು ಹುಡುಗಿಯರಲ್ಲಿ ನಾಲ್ವರು ಮರಳಿ ಬಂದರು. ಉಳಿದ ಇಬ್ಬರ ತಾಯಂದಿರು ಸಾಯುವವರೆಗೂ ನಂಬಲಿಲ್ಲ, ಇಬ್ಬರು ಹೆಂಗಸರೂ ಕೂಡಿ ಏನೋ ಮುಚ್ಚುತ್ತಿದ್ದಾರೆ ಎಂದೇ ಹೇಳುತ್ತಿದ್ದರು. ಗಡಿಯಾರದವನ ಮೀಸೆ ಆ ವರ್ಷವೇ ಬೆಳ್ಳಗಾಯಿತು. ನೆರೆಯವಳು ದರ್ಜಿಯವಳ ಹತ್ತಿರ ಕೂತು ಕ್ಯಾಮೆರಾ ಕಲಿತಳು. ಬಾಯಿ ಬಿಡುವುದನ್ನು ಪೂರ್ತಿ ಬಿಟ್ಟಳೇ? ಇಲ್ಲ. ಆದರೆ ಹೊರಡುವ ಮೊದಲು ಒಮ್ಮೆ ಬೆನ್ನು ಮುಟ್ಟಿ ನೋಡಿಕೊಳ್ಳುವುದನ್ನು ಕಲಿತಳು.

ನಾನು ಮಾತು ನಿಲ್ಲಿಸಿದೆ. ಮಹಾನಂದಾ ತಿದಿಯನ್ನು ಕೆಳಗಿಟ್ಟಳು.

"ಒಂದ್ ತಿಳೀಲಿಲ್ಲ, ಆಯಿ. ಫೋಟೋ ಆಕಿ ಕೈಯಾಗ ಇತ್ತು. ಅಲ್ಲೇ ಒಲಿಗೆ ಹಾಕಿ ಸುಮ್ಮನಿದ್ರ ಯಾರಿಗೂ ಗೊತ್ತಾಗತಿರಲಿಲ್ಲ. ಅಷ್ಟು ಬಾಯಿಬಡಕಿ, ತನ್ನ ಮಾನ ತಾನ ಮನಿಮನಿಗೆ ಹಂಚಿ ಬಂದ್ಲು ಅಂದ್ರ ಹೆಂಗ? ದರ್ಜಿಯಾಕಿ ಬೈದಳೇನು?"

"ಬೈಲಿಲ್ಲ."

"ಅತ್ತಳೇನು?"

"ಅಳಲಿಲ್ಲ. ಇಷ್ಟು ದಿನ ಯಾಕ ಬಾಯಿ ಬಿಡಲಿಲ್ಲ ಅಂತ ನೆರೆಯಾಕಿ ಕೇಳಿದ್ಲು. ಅದಕ್ಕ ಒಂದ ಮಾತು ಅಂದ್ಲು."

ನಾನು ಎದ್ದು, ಕ್ಯಾಮೆರಾ ಮಡಿಸಿ, ಗೂಡಿನಲ್ಲಿಡಲು ಗೋಡೆಯ ಕಡೆ ತಿರುಗಿದೆ. ಕೆಲಸಕ್ಕೆ ಕೂರುವ ದಿನ ನಾನು ಒಂದು ಹಳೆಯ ಇಳಕಲ್ ಸೀರೆ ಉಡುತ್ತೇನೆ. ನನ್ನ ಹಿಂದೆ ಮಹಾನಂದಾ ಏನೋ ಕೇಳಲು ಬಾಯಿ ತೆಗೆದಿದ್ದಳು. ಅವಳ ಮಾತು ಅರ್ಧಕ್ಕೆ ನಿಂತಿತು. ಸೊಟ್ಟ ತೇಪೆಗೆ ಭೂತಗನ್ನಡಿ ಬೇಕಾಗಿರಲಿಲ್ಲ.

ನಾನು ತಿರುಗಿ ಕೂತೆ.  ಉಳಿದದ್ದನ್ನು ಹೇಳಿದೆ. ಮುಂದೆ ಈ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟ ದರ್ಜಿಯವಳು ಆ ದಿನ ನನ್ನ ಮುಖ ನೋಡಿ, ನನ್ನ ಮುಖಕ್ಕೇ ಹೇಳಿದ್ದು ಇಷ್ಟು:

"ಹೇಳಿದ್ರ ನಿನ್ನ ಹೆಸರು ಹೋಗತಿತ್ತು, ಅಕ್ಕಾ. ಹೊರೂದು ನನಗ ರೂಢಿ ಐತಿ, ನಿನಗ ಇಲ್ಲ."